ಸಾಹುಕಾರರ ಮನುಷ್ಯ

"ಗಂಡ ಹೆಂಡ್ತಿಗೆ ಏನೋ ಹೇಳ್ದ, ಹೆಂಡ್ತಿ ಕೇಳಿದ್ಲು. ಮಧ್ಯೆ ನನ್ನನ್ನ ಯಾಕೆ ಎಳೀತೀಯೇ? ನಾನೇನು ಅವರ ಹಾಸಿಗೆ ಕಾಯೋನಾ?"

ಮಾಲೀಕ ಹೀಗಂದಾಗ ಅವನ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತ ನಕ್ಕ, ವಕೀಲ ನಕ್ಕ, ಚಹಾ ತಂದಿಟ್ಟವನೂ ನಕ್ಕ. ನಗದೆ ಉಳಿದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬ ಮಾಲೀಕನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದ ಮೇಸ್ತ್ರಿ. ಅವನು ನನ್ನ ತಂಗಿಯ ಗಂಡ.

"ಹಾಸಿಗೆ ಮಾತು ತೆಗೀಬೇಡಿ ಸಾಹುಕಾರ್ರೇ. ನನ್ನ ತಂಗಿ ಕೈ ಸುಟ್ಟಿದ್ದು ಹಾಸಿಗೇಲಲ್ಲ, ನಿಮ್ಮ ರೋಲರಲ್ಲಿ."

"ರೋಲರ್ ನಂದೇ. ಯಾರು ಇಲ್ಲ ಅಂದ್ರು? ಆದ್ರೆ ಕೈ ಹಾಕು ಅಂದವನು ನಾನಲ್ಲ."

"ನಿಮ್ಮ ಮೇಸ್ತ್ರಿ ಅಂದಿದ್ದು."

"ಅವಳ ಗಂಡ ಅಂದಿದ್ದು."

"ಇಬ್ರೂ ಒಬ್ನೇ ಅಲ್ವಾ?"

"ಅಲ್ಲ ಕಣಮ್ಮ," ಎಂದ ವಕೀಲ, ಅಳುವ ಮಗುವನ್ನು ರಮಿಸುವ ದನಿಯಲ್ಲಿ. "ಕಾನೂನಿನ ಕಣ್ಣಿಗೆ ಇಬ್ಬರೂ ಬೇರೆ ಬೇರೆ. ಬಾಯಿ ಒಂದೇ ಇರಬಹುದು. ಯಾವ ಹೊತ್ತಲ್ಲಿ ಅದು ಯಾರ ಬಾಯಿ ಅನ್ನೋದು ಮುಖ್ಯ."

ನಾನು ಮೇಸ್ತ್ರಿಯ ಕಡೆ ತಿರುಗಿದೆ.

"ಏನಯ್ಯಾ, ನೀನಾದ್ರೂ ಹೇಳು. ಅವತ್ತು ನಿನ್ನ ಮುಖದ ಮೇಲೆ ಇದ್ದದ್ದು ಯಾರ ಬಾಯಿ?"

ಅವನು ತನ್ನ ಚಪ್ಪಲಿ ನೋಡಿಕೊಂಡ.

"ಇವಳನ್ನ ಆಚೆ ಹಾಕು ಮೇಸ್ತ್ರಿ," ಎಂದ ಮಾಲೀಕ. "ಇಲ್ಲೇ ನಿಂತಿದ್ರೆ ಇಸ್ತ್ರಿ ಮಾಡಿಬಿಡ್ತಾಳೆ ನನ್ನನ್ನ."

ಮತ್ತೆ ನಗು. ಮೇಸ್ತ್ರಿ ಬಂದು ನನ್ನ ತೋಳು ಮುಟ್ಟಿದ. "ನಡೀರಿ ಅತ್ತಿಗೆ," ಎಂದ, ಬಾಯೊಳಗೇ.

"ಆಹಾ! ಕೇಳಿಸ್ತಾ ವಕೀಲ್ರೇ? ಅತ್ತಿಗೆ ಅಂತೆ!" ಮಾಲೀಕ ಮೇಜು ಗುದ್ದಿದ. "ಮನೆ ವಿಷಯ ಅಂತ ನಾನು ಹೇಳ್ಲಿಲ್ವಾ?"

*

ಆ ಶಬ್ದವನ್ನು ಆ ಗೋಡೆಗಳ ಒಳಗೆ ನಾನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಅದನ್ನು ಹೇಳದಂತೆ ಮಾಡಿದವನೇ ಈ ಮಾಲೀಕ.

ನಮ್ಮದು ದೊಡ್ಡ ಲಾಂಡ್ರಿ. ಆಸ್ಪತ್ರೆಗಳ, ಹೋಟೆಲುಗಳ ಹಾಸು ಹೊದಿಕೆಗಳೆಲ್ಲ ಇಲ್ಲಿಗೆ ಬರುತ್ತವೆ. ರಕ್ತ, ಕೀವು, ವಾಂತಿ, ಮದುಮಕ್ಕಳ ಸೆಂಟು ಎಲ್ಲವೂ ಒಂದೇ ಮೂಟೆಯಲ್ಲಿ ಬಂದು ಒಂದೇ ಬಿಳುಪಾಗಿ ಹೋಗುತ್ತವೆ. ತೊಳೆದು ಹಿಂಡಿದ ಹಾಸುಗಳನ್ನು ಒಣಗಿಸಿ ಇಸ್ತ್ರಿ ಮಾಡಲು ಸಾಲಾಗಿ ರೋಲರುಗಳಿವೆ. ಒಳಗೆ ಹಬೆ ಓಡುವ, ಮನುಷ್ಯರ ಸೊಂಟದಷ್ಟು ದಪ್ಪನೆಯ ಉಕ್ಕಿನ ಉರುಳೆಗಳು. ಈ ಕಡೆ ಒಬ್ಬಳು ಒದ್ದೆ ಹಾಸನ್ನು ಕೊಡುತ್ತಾಳೆ, ಅದು ಆ ಕಡೆ ಗರಿಗರಿಯಾಗಿ ಬರುತ್ತದೆ. ನಾನು ಅದನ್ನು ಮಡಚುವವಳು. ತಂಗಿ ಕೊನೆಯ ರೋಲರಿಗೆ ಬಟ್ಟೆ ಕೊಡುವವಳು.

ಅವಳ ಗಂಡ ಮೇಸ್ತ್ರಿಯಾದ ಹೊಸದರಲ್ಲಿ ಒಂದು ಬೆಳಗ್ಗೆ ಅವಳು ಶೆಡ್ಡಿನ ಆ ತುದಿಯಿಂದ "ರೀ, ಸ್ವಲ್ಪ ಬರ್ತೀರಾ, ಹಬೆ ಕಮ್ಮಿ ಬರ್ತಿದೆ" ಎಂದು ಕೂಗಿದ್ದಳು. ಅದೇ ಹೊತ್ತಿಗೆ ಮಾಲೀಕ ಒಳಗೆ ಬಂದಿದ್ದ.

"ಇದೇನು ನಿಮ್ಮನೆ ಅಡುಗೆಮನೆನಾ?" ಎಂದು ಎಲ್ಲರಿಗೂ ಕೇಳುವಂತೆ ಕಿರುಚಿದ. "ರೀ ಅಂತೆ, ರೀ! ನಾಳೆ ಇಲ್ಲೇ ಒಲೆ ಹೂಡಿ ಬಸುರಿ ಬಾಣಂತನಾನೂ ಮಾಡ್ಕೋತೀರಿ. ಗೇಟಿನೊಳಗೆ ಗಂಡ ಇಲ್ಲ, ಅತ್ತೆ ಇಲ್ಲ, ಅಕ್ಕ ಇಲ್ಲ. ಇವನು ಮೇಸ್ತ್ರಿ. ಇವನು ಹೇಳಿದ್ದು ಅಂದ್ರೆ ನಾನು ಹೇಳಿದ್ದು. ನೀವು ನಿಮ್ಮ ನಿಮ್ಮ ಮಿಷನ್ನು. ತಿಳೀತಾ?"

ಅಂದಿನಿಂದ ನಾವು ನಮ್ಮ ನಮ್ಮ ಮಿಷನ್ನಾದೆವು. ಒಬ್ಬಳು ಮೊದಲ್ನೇ ರೋಲರ್, ಒಬ್ಬಳು ನಡು ರೋಲರ್. ಹಿಂಡುವ ಯಂತ್ರದ ಅಜ್ಜಿ 'ಹಿಂಡೋದು'. ನಾನು 'ಮಡಚೋ ಮೇಜು'. ನನ್ನ ತಂಗಿ 'ಕೊನೇ ರೋಲರ್'. ಯಂತ್ರಗಳ ಸದ್ದಿನಲ್ಲಿ ಈ ಕೂಗು ಚೆನ್ನಾಗಿಯೇ ಕೇಳಿಸುತ್ತಿತ್ತು. ನಮಗೂ ರೂಢಿಯಾಯಿತು. "ಮಡಚೋ ಮೇಜಿಗೆ ಜ್ವರ ಬಂದಿದೆಯಂತೆ", "ಹಿಂಡೋದು ಮೊಮ್ಮಗಳ ಮದುವೆ ಮಾಡ್ತಿದೆ" ಎಂದು ನಮ್ಮಲ್ಲೇ ಹೇಳಿಕೊಂಡು ನಗುತ್ತಿದ್ದೆವು. ತಂಗಿ ಮಾತ್ರ ನಗುತ್ತಿರಲಿಲ್ಲ. ಗೇಟು ದಾಟಿದ ಮೇಲೆ ಮನೆಯ ದಾರಿಯುದ್ದಕ್ಕೂ ಸುಮ್ಮನೆ ನಡೆದು, ಬಾಗಿಲು ತೆಗೆದ ಮೇಲೆ ಗಂಡ ಹೆಸರು ಹಿಡಿದು ಕರೆದಾಗಲೇ ಅವಳ ಮುಖ ಸಡಿಲವಾಗುತ್ತಿತ್ತು.

ಅವತ್ತು ಆಸ್ಪತ್ರೆಯ ಹಾಸೊಂದರ ಅಂಚು ಹರಿದಿತ್ತು. ಹರಿದದ್ದು ಕೊನೆಯ ರೋಲರಿಗೆ ಸುತ್ತಿಕೊಂಡಿತು. ಹಾಗಾದಾಗ ರೋಲರನ್ನು ನಿಲ್ಲಿಸಬೇಕು, ಹಿಂದಕ್ಕೆ ತಿರುಗಿಸಿ ಬಿಡಿಸಬೇಕು. ಆದರೆ ನಿಲ್ಲಿಸಿದರೆ ಮೇಲಿದ್ದ ಬಟ್ಟೆಯೆಲ್ಲ ಕಂದಿಹೋಗುತ್ತದೆ, ಮತ್ತೆ ಹದಕ್ಕೆ ತರಲು ಬಹಳ ಹೊತ್ತು ಬೇಕು. ಮೇಸ್ತ್ರಿ ನಿಲ್ಲಿಸುವ ಗುಂಡಿಯ ಬಳಿಯೇ ಇದ್ದ. ಕಿವಿಗೆ ಫೋನು ಹಿಡಿದಿದ್ದ. ಹೊರಗೆ ಲಾರಿ ಕಾಯುತ್ತಿತ್ತು.

"ಹರಿದಿರೋದು ಸುತ್ಕೊಂಡಿದೆ ಸಾಹುಕಾರ್ರೇ," ಎನ್ನುತ್ತಿದ್ದ. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅವನ ಮುಖ ಕೆಂಪಾದದ್ದು ಕಾಣಿಸಿತು. ಫೋನನ್ನು ಕಿವಿಯಿಂದ ತೆಗೆಯದೆಯೇ ಕೂಗಿದ.

"ಏಯ್ ಕೊನೇ ರೋಲರ್! ಹಂಗೇ ಎಳಿ! ಎಳಿಯೇ, ಏನು ನೋಡ್ತಿದ್ದೀ!"

ಅವಳು ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ಕೈ ಹಾಕಿದಳು.

ನಿಲ್ಲಿಸಿದವನೂ ಅವನೇ. ಗುಂಡಿ ಒತ್ತಿ, ಫೋನು ಎಸೆದು, ಬರಿಗೈಯಲ್ಲೇ ಉರುಳೆಯನ್ನು ಹಿಂದಕ್ಕೆ ತಳ್ಳಿದ. ಅವನ ಅಂಗೈಯಲ್ಲೂ ಈಗ ಬೊಬ್ಬೆಯ ಕಲೆಗಳಿವೆ. ಅವಳ ಹೆಸರನ್ನು ಶೆಡ್ಡಿನಲ್ಲಿ ಅವನು ಕೂಗಿದ್ದು ಆಗ.

*

ಅವಳನ್ನು ಮಲಗಿಸಿದ ಆಸ್ಪತ್ರೆಯ ಹಾಸಿಗೆಗೆ ನಾವೇ ಇಸ್ತ್ರಿ ಮಾಡಿದ ಹಾಸು ಹಾಕಿದ್ದರು. ಮಡಿಕೆ ನನ್ನದೇ. ಬಲಗೈಯ ಚರ್ಮ ಹೊಸದಾಗಿ ಕೂತಿತು, ಆದರೆ ಬೆರಳುಗಳು ಒಂದಕ್ಕೊಂದು ಅಂಟಿ ಒಳಕ್ಕೆ ಮಡಚಿಕೊಳ್ಳುತ್ತ ಹೋದವು. ದೊಡ್ಡಾಸ್ಪತ್ರೆಯಲ್ಲಿ ಬಿಡಿಸಬಹುದು, ಬೇಗ ಹೋಗಿ, ತಡವಾದರೆ ಆ ಕೈ ಜನ್ಮಪೂರ್ತಿ ಹೀಗೇ ಮುಷ್ಟಿಯಾಗಿ ಉಳಿಯುತ್ತದೆ ಎಂದರು ಡಾಕ್ಟರು. ಅಲ್ಲಿಯವರೆಗೆ ಖರ್ಚು ನೋಡಿಕೊಂಡಿದ್ದ ಮಾಲೀಕ ಅವತ್ತಿಗೆ ಕೈ ತೊಳೆದುಕೊಂಡ. ಅದನ್ನು ಕೇಳಲು ಹೋದಾಗಲೇ ಅವನು ಹಾಸಿಗೆಯ ಮಾತು ಆಡಿದ್ದು.

ಅವನ ಕೋಣೆಯಿಂದ ಹೊರಬಿದ್ದವಳು ನೆಟ್ಟಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಒಬ್ಬ ಹೆಂಗಸು. ಬಿಸ್ಕತ್ತು ತಿನ್ನುತ್ತಲೇ ನನ್ನ ಮಾತು ಕೇಳಿದರು. ಕರುಣೆ ತೋರಿಸಲಿಲ್ಲ, ಗದರಲೂ ಇಲ್ಲ.

"ಕೆಲಸದವನು ಮಾಲೀಕನ ಕೆಲಸ ಮಾಡ್ತಾ ತಪ್ಪು ಮಾಡಿದ್ರೆ ಅದಕ್ಕೆ ಮಾಲೀಕನೇ ಹೊಣೆ. ನಾನು ಹೇಳ್ಲಿಲ್ಲ, ನಾನಲ್ಲಿ ಇರಲಿಲ್ಲ ಅಂದ್ರೆ ನಡೆಯಲ್ಲ. ಆದ್ರೆ ತನ್ನ ಸ್ವಂತ ವಿಷಯಕ್ಕೆ ಏನಾದ್ರೂ ಮಾಡಿದ್ರೆ, ಮಾಲೀಕನ ತಲೆಗೆ ಬರಲ್ಲ. ಆ ಮೇಸ್ತ್ರಿ ಅವಳ ಗಂಡ ಅಂತೀರಿ. ಅದೇ ತೊಡಕು."

"ಎಂಥ ತೊಡಕು ಮೇಡಂ? ರೋಲರಿಗೂ ಸಂಸಾರಕ್ಕೂ ಏನು ಸಂಬಂಧ?"

"ಅದನ್ನ ವಿಚಾರಣೆಯಲ್ಲಿ ಹೇಳಿ. ಅವನು ಏನು ಹೇಳ್ತಾನೆ ಅನ್ನೋದರ ಮೇಲೆ ನಿಂತಿದೆ ಎಲ್ಲ," ಎಂದು ಮೇಜಿನ ಮೇಲಿದ್ದ ಬಿಸ್ಕತ್ತಿನ ಪುಡಿ ಕೊಡವಿದರು.

*

ವಿಚಾರಣೆಯ ಹಿಂದಿನ ದಿನ ಅವರ ಮನೆಗೆ ಹೋದೆ. ಲಾಂಡ್ರಿಯ ಹಿಂದೆ, ಮಾಲೀಕ ಕಟ್ಟಿಸಿದ ಸಾಲುಮನೆಗಳಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದು ಗೋಡೆ ಅಷ್ಟೆ.

ತಂಗಿ ಕೆಳಗೆ ಕೂತಿದ್ದಳು. ಅವನು ಹಿಂದೆ ಮಂಡಿಯೂರಿ ಅವಳ ತಲೆ ಬಾಚುತ್ತಿದ್ದ. ಕೈ ಸುಟ್ಟಂದಿನಿಂದ ಅದು ಅವನ ಕೆಲಸ. ಜಡೆ ಹೆಣೆಯಲು ಬರುವುದಿಲ್ಲ, ಹಗ್ಗ ಹೊಸೆದಂತೆ ಹೊಸೆಯುತ್ತಾನೆ. ಅವಳು "ಅಯ್ಯೋ, ಮೆತ್ತಗೆ" ಎಂದರೆ ನಾಲಿಗೆ ಕಚ್ಚಿಕೊಳ್ಳುತ್ತಾನೆ. ರವಿಕೆಯ ಗುಂಡಿ ಹಾಕುವವನೂ ಅವನೇ, ತುತ್ತು ಕಲಸಿಕೊಡುವವನೂ ಅವನೇ. ಆ ಬೋಳಿಮಗನನ್ನು ಬೈಯಬೇಕೆಂದು ಹೋದವಳು ಅದನ್ನು ನೋಡುತ್ತ ನಿಂತುಬಿಟ್ಟೆ.

"ಬನ್ನಿ ಅತ್ತಿಗೆ."

"ನಾಳೆ ಏನು ಹೇಳ್ತೀಯಾ?"

ಬಾಚಣಿಗೆ ನಿಂತಿತು. "ವಕೀಲ್ರು ಹೇಳ್ಕೊಟ್ಟಿದ್ದಾರೆ."

"ಅವ್ರು ಹೇಳ್ಕೊಟ್ಟಿದ್ದು ಬೇಡ. ನಡೆದಿದ್ದು ಹೇಳ್ತೀಯೋ ಇಲ್ವೋ?"

"ನಡೆದಿದ್ದು ಹೇಳಿದ್ರೆ ಈ ಮನೆ ಹೋಗುತ್ತೆ ಅತ್ತಿಗೆ. ನಿಮ್ಮದೂ ಹೋಗುತ್ತೆ. ನನ್ನ ಮೇಲೇ ಪೊಲೀಸ್ ಕೇಸ್ ಹಾಕಿಸ್ತೀನಿ ಅಂತಾರೆ. ನಾನು ಜೈಲಲ್ಲಿ ಕೂತ್ರೆ ಇವಳ ಗುಂಡಿ ಯಾರು ಹಾಕ್ತಾರೆ?" ಬಾಚಣಿಗೆಗೆ ಸಿಕ್ಕಿದ್ದ ಕೂದಲು ಬಿಡಿಸತೊಡಗಿದ. "ನಾನು ಮೇಸ್ತ್ರಿಯಾಗೇ ಉಳಿದ್ರೆ ಹೆಂಗೋ ಮಾಡಿ, ನಿಧಾನಕ್ಕೆ, ಇವಳ ಕೈ..."

"ನಿಧಾನ ಆದ್ರೆ ಆಗಲ್ಲ ಅಂದ್ರಲ್ಲಯ್ಯಾ ಡಾಕ್ಟ್ರು! ಕಿವಿಗೆ ಏನು ಸೀಸ ಹುಯ್ಕೊಂಡಿದ್ದೀಯಾ?"

ತಂಗಿ ತಿರುಗದೆಯೇ ಕೇಳಿದಳು. "ಅವತ್ತು ಫೋನಲ್ಲಿ ಏನಂದ್ರು?"

ಅಷ್ಟು ದಿನಗಳಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲೆಂದು ಅವನ ಮುಖ ನೋಡಿ ತಿಳಿಯಿತು.

"ಅಂದ್ರು, ಏನೋ."

"ಏನಂದ್ರು?"

"ರೋಲರ್ ನಿಂತ್ರೆ ನೀನೂ ನಿಂತೆ ಅಂತ ತಿಳ್ಕೋ. ಕೈ ಹಾಕಿ ಎಳೆಸೋ ಸೂಳೆಮಗನೆ, ಅವಳ ಕೈಯೇನು ಚಿನ್ನದ್ದಾ, ಅಂದ್ರು."

"ಯಾರ ಕೈ ಅಂತ ಅವ್ರಿಗೆ ಗೊತ್ತಿತ್ತಾ?"

"ಕೊನೇ ರೋಲರ್ ಅಂದಿದ್ದೆ ನಾನು."

ಹೊರಗೆ ಯಾರದೋ ಕೊಡದಲ್ಲಿ ನೀರು ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ತುಂಬಿ ಚೆಲ್ಲಿತು. ಅವನು ಜಡೆಯ ತುದಿಗೆ ರಬ್ಬರ್ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

*

ವಿಚಾರಣೆಯ ಕೋಣೆ ಮಹಡಿಯ ಮೇಲಿತ್ತು. ಮಾಲೀಕ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೇಸ್ತ್ರಿಗೆ ಹೊಸ ಶರ್ಟು ಬಂದಿತ್ತು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವನು ಒಂದೇ ಸಮ ಕಾಲು ಅಲ್ಲಾಡಿಸುತ್ತಿದ್ದ. ನಾನೂ ತಂಗಿಯೂ ಹಿಂದಿನ ಬೆಂಚಿನಲ್ಲಿದ್ದೆವು.

ಮೊದಲು ವಕೀಲ ಮಾತಾಡಿದ. ಓಡುವ ಯಂತ್ರಕ್ಕೆ ಕೈ ಹಾಕಬಾರದು ಎಂದು ನಮ್ಮ ಕಕ್ಷಿದಾರರು ಬೋರ್ಡು ಹಾಕಿಸಿದ್ದಾರೆ ಎಂದ.

"ಮೂಟೆಗಳ ಹಿಂದೆ!" ಎಂದೆ ನಾನು.

"ನಿಮ್ಮ ಸರದಿ ಬಂದಾಗ ಹೇಳಿ," ಎಂದರು ಅಧಿಕಾರಿ.

ಆಮೇಲೆ ಮೇಸ್ತ್ರಿಯನ್ನು ನಿಲ್ಲಿಸಿದರು.

"ನೀವು ಇವರ ಗಂಡ ಹೌದೋ ಅಲ್ಲವೋ?" ವಕೀಲ ಕೇಳಿದ.

"ಹೌದು."

"ಪ್ರೀತಿಯಿಂದ ಇದ್ದೀರಿ?"

"ಹೌದು."

"ಮನೆಯಲ್ಲಿ ನೀವು ಹೇಳಿದ್ದನ್ನ ಅವರು ಕೇಳ್ತಾರೆ."

"ಕೇಳ್ತಾಳೆ."

"ಅವತ್ತು ಅವರು ಗಾಬರಿಯಾಗಿದ್ದಾರೆ. ನೀವು ಗಂಡನಾಗಿ, ಮನೆಯಲ್ಲಿ ಹೇಳೋ ಹಾಗೇ ಹೇಳಿದ್ರಿ, ಹೆದರಬೇಡ, ಎಳಿ ಅಂತ. ಹೆಸರು ಹಿಡಿದು ಕರೆದ್ರಿ. ಸರಿಯಾ?"

ಮೇಸ್ತ್ರಿ ಮಾಲೀಕನ ಕಡೆ ನೋಡಿದ. ಮಾಲೀಕ ತನ್ನ ಉಗುರು ನೋಡಿಕೊಳ್ಳುತ್ತಿದ್ದ.

"ಸರಿ," ಎಂದ.

"ಸಾಹುಕಾರರು ಫೋನಲ್ಲಿ ಏನು ಹೇಳಿದ್ದರು?"

"ಲಾರಿ... ಲಾರಿ ವಿಷಯ."

"ನಿನ್ನ ನಾಲಿಗೆ ಸೇದೋಗ!" ಎಂದು ನಾನು ಎದ್ದೆ. ನನ್ನ ಸೆರಗು ಹಿಡಿದು ಯಾರೋ ಕೂರಿಸಿದರು. ನೋಡಿದರೆ ತಂಗಿ, ಎಡಗೈಯಿಂದ. ನನ್ನನ್ನು ಕೂರಿಸಿ ತಾನು ಎದ್ದಳು. ಯಾರೂ ಕರೆದಿರಲಿಲ್ಲ. ಬೆಂಚುಗಳ ನಡುವೆ ಮುಂದಕ್ಕೆ ನಡೆಯತೊಡಗಿದಳು.

ಮೇಸ್ತ್ರಿ ಬೆಚ್ಚಿದ. "ಏಯ್ ಕೊನೇ ರೋಲರ್!" ಎಂದು ಕೂಗಿದ. "ಕೂತ್ಕೋ ಅಲ್ಲೇ!"

ಬರೆದುಕೊಳ್ಳುತ್ತಿದ್ದವನು ತಲೆ ಎತ್ತಿದ. ಮೇಸ್ತ್ರಿ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡ.

"ಏನಂತ ಕೂಗಿದ್ರಿ?" ಎಂದರು ಅಧಿಕಾರಿ.

ಅವನು ಬಾಯಿಯಿಂದ ಕೈ ತೆಗೆಯಲಿಲ್ಲ. ವಕೀಲ ನಕ್ಕ. "ಮುದ್ದಿನ ಹೆಸರು ಮೇಡಂ. ಗಂಡ ಹೆಂಡತಿ ಮಧ್ಯೆ ಏನೇನೋ ಇರುತ್ತೆ. ನಾನು ನಮ್ಮ ಮನೆಯವಳನ್ನ ಏನಂತ ಕರೀತೀನಿ ಅಂತ ಇಲ್ಲಿ ಹೇಳೋಕಾಗುತ್ತಾ?"

"ಮುದ್ದು ಜಾಸ್ತಿ ಇವನಿಗೆ," ಎಂದ ಮಾಲೀಕ. "ಮನೆಯಲ್ಲೂ ಹಂಗೇ ಕರೀತಾನಂತೆ." ಅವನ ಜೊತೆಗೆ ಬಂದಿದ್ದವರು ನಕ್ಕರು. ಅದೇ ನಗು, ಅವನ ಕೋಣೆಯಲ್ಲಿ ಕೇಳಿದ್ದು.

ತಂಗಿ ಅಧಿಕಾರಿಯ ಮೇಜಿನ ಎದುರು ನಿಂತಿದ್ದಳು. ಆ ನಗು ಮುಗಿಯುವವರೆಗೂ ಕಾದಳು.

"ಅಮ್ಮಾ, ನಾನೊಂದು ಮಾತು ಹೇಳ್ತೀನಿ. ಬರ್ಕೊಳ್ಳಿ."

"ಹೇಳಿ."

"ನನಗೆ ಕೈ ಹಾಕು ಅಂದಿದ್ದು ನನ್ನ ಗಂಡ ಅಲ್ಲ."

ವಕೀಲ ಹುಬ್ಬೇರಿಸಿದ. "ಇದೇನಮ್ಮ ಹೀಗಂತೀರಿ? ಇವರು ನಿಮ್ಮ ಗಂಡ ತಾನೇ?"

ಅವಳು ಅವನ ಕಡೆ ತಿರುಗಲೇ ಇಲ್ಲ. "ನನ್ನ ಗಂಡ ನನ್ನ ತಲೆ ಬಾಚ್ತಾರೆ. ಜಡೆ ಹಾಕೋಕೆ ಬರಲ್ಲ ಅವ್ರಿಗೆ, ಆದ್ರೂ ಹಾಕ್ತಾರೆ. ಕೂದ್ಲು ಎಳೆದು ನೋವಾದ್ರೆ, ನಾನು ಪರವಾಗಿಲ್ಲ ಅಂದ್ರೂ ಕೈ ಬಿಟ್ಟುಬಿಡ್ತಾರೆ. ಗುಂಡಿ ಹತ್ರ ಅವತ್ತು ನನ್ನ ಗಂಡ ನಿಂತಿದ್ರೆ ರೋಲರ್ ನಿಲ್ಸೋರು. ನಾನು ಮುಖ ನೋಡ್ದೆ ಅಮ್ಮಾ, ಕೈ ಹಾಕೋಕೆ ಮುಂಚೆ. ಗಂಡ ಇದ್ದಾರಾ ಅಂತ ನೋಡ್ದೆ. ಇರಲಿಲ್ಲ. ಅಲ್ಲಿ ನಿಂತಿದ್ದವನು ಸಾಹುಕಾರ್ರ ಮನುಷ್ಯ."

ಮೇಸ್ತ್ರಿ ಬಾಯಿಯಿಂದ ಕೈ ತೆಗೆದ.

"ಹಾಗಾದ್ರೆ ಈಗ ಇಲ್ಲಿ ನಿಂತಿರೋರು ಯಾರು?" ವಕೀಲ ಬಿಡಲಿಲ್ಲ. "ನಿಮಗೆ ಬೇಕಾದಾಗ ಗಂಡ, ಬೇಡದಾಗ ಮೇಸ್ತ್ರಿನಾ?"

"ಈಗ ಸುಳ್ಳು ಹೇಳಿದ್ನಲ್ಲ, ಅದನ್ನ ಯಾರು ಹೇಳಿಸಿದ್ರೋ ಅವರ ಮನುಷ್ಯ. ಇವತ್ತೂ ಗಂಡ ಬಂದಿಲ್ಲ."

ಅಧಿಕಾರಿ ಪೆನ್ನಿನಿಂದ ಮೇಜು ತಟ್ಟಿದರು. "ಯೋಚನೆ ಮಾಡಿ ಹೇಳ್ತಿದ್ದೀರಾ? ಇದನ್ನ ಬರೆದುಕೊಂಡ ಮೇಲೆ ಹಿಂದೆ ತಗೊಳ್ಳೋಕಾಗಲ್ಲ."

"ಬರ್ಕೊಳ್ಳಿ."

ಬರೆದದ್ದನ್ನು ಓದಿ ಹೇಳಿದರು. ಅವಳು ಎಡಗೈಯಲ್ಲಿ ಪೆನ್ನು ಹಿಡಿದು, ಶಾಲೆಗೆ ಹೊಸದಾಗಿ ಸೇರಿದವರ ಹಾಗೆ ಒಂದೊಂದೇ ಅಕ್ಷರ ಕೂರಿಸಿ ತನ್ನ ಹೆಸರು ಬರೆದಳು. ಅವಳು ಬರೆಯುತ್ತಿದ್ದಷ್ಟು ಹೊತ್ತೂ ಮಾಲೀಕ ವಕೀಲನ ಕಿವಿಯಲ್ಲಿ ಏನೋ ಹೇಳುತ್ತಿದ್ದ.

ಪೆನ್ನು ಕೆಳಗಿಟ್ಟು ಅವಳು ಬಾಗಿಲ ಕಡೆ ನಡೆದಳು. ನನ್ನ ಪಕ್ಕದಲ್ಲೇ ಹಾದುಹೋದಳು. ನಾನು ಕೈ ಚಾಚಿದೆ. ಹಿಡಿಯಲಿಲ್ಲ.

ಮೇಸ್ತ್ರಿ ಅವಳ ಹೆಸರು ಕರೆದ. ಮೆತ್ತಗೆ, ಮನೆಯಲ್ಲಿ ಕರೆಯುವ ಹಾಗೆ. ಅವಳು ನಿಲ್ಲಲಿಲ್ಲ. ಅವನು ಬಾಗಿಲ ಕಡೆ ಹೆಜ್ಜೆ ಇಟ್ಟ.

"ಮೇಸ್ತ್ರಿ," ಎಂದ ಮಾಲೀಕ, ತಿರುಗಿ ನೋಡದೆ. "ಕೂತ್ಕೋ."

ಅವನು ಕೂತ.

"ಮುಂದಿನವರು ಯಾರು? ಅಕ್ಕ ನೀವೇ ಅಲ್ವಾ? ಬನ್ನಿ," ಎಂದರು ಅಧಿಕಾರಿ. ನಾನು ಎದ್ದು ಮುಂದೆ ಹೋದೆ. ಅಲ್ಲಿಂದ ಕಿಟಕಿಯಲ್ಲಿ ರಸ್ತೆ ಕಾಣುತ್ತಿತ್ತು. ತಂಗಿ ಮೆಟ್ಟಿಲಿಳಿದು, ಮಾಲೀಕನ ಕಾರಿನ ಪಕ್ಕದಿಂದ ಹಾದು, ರಸ್ತೆಯ ಅಂಚಿನಲ್ಲಿ ನಿಂತಳು. ಬಲಕ್ಕೆ ಹೋದರೆ ಲಾಂಡ್ರಿ, ಅದರ ಹಿಂದೆ ನಮ್ಮ ಸಾಲುಮನೆಗಳು. ಒಂದು ಬಸ್ಸು ಅಡ್ಡ ಬಂತು. ಅದು ಸರಿದಾಗ ಅವಳು ಎಡಕ್ಕೆ ಹೋಗುತ್ತಿದ್ದಳು, ಬಿರಬಿರನೆ, ಸುಟ್ಟ ಕೈಯನ್ನು ಎದೆಗೆ ಅವಚಿಕೊಂಡು.

"ಹೇಳಿ," ಎಂದರು ಅಧಿಕಾರಿ. "ಶೆಡ್ಡಿನಲ್ಲಿ ಮೇಸ್ತ್ರಿ ನಿಮ್ಮನ್ನ ಏನಂತ ಕರೀತಿದ್ದ?"

ನಾನು ಹೇಳಿದೆ. ಅವರು ಕೇಳಿದ್ದೆಲ್ಲ ಹೇಳಿದೆ, ಕೇಳದಿದ್ದ ಫೋನಿನ ಮಾತನ್ನೂ ಹೇಳಿದೆ. ತೀರ್ಪು ಆಮೇಲೆ ತಿಳಿಸುತ್ತೇವೆ ಎಂದರು.

ಸಂಜೆ ನಾನು ಮನೆಗೆ ಬಂದಾಗ ಮೇಸ್ತ್ರಿ ಹೊಸ ಶರ್ಟಿನಲ್ಲೇ ಹೊಸ್ತಿಲ ಮೇಲೆ ಕೂತಿದ್ದ. ಹಿಂದೆ ಬಾಗಿಲು ತೆರೆದೇ ಇತ್ತು. ಒಳಗೆ ದೀಪ ಹಚ್ಚಿರಲಿಲ್ಲ.

"ಅವಳು ನಿಮ್ಮ ಮನೆಯಲ್ಲಿದ್ದಾಳಾ ಅತ್ತಿಗೆ?"

"ಇಲ್ಲ."

"ಬರ್ತಾಳೆ ಅಲ್ವಾ?"

ನಾನು ನನ್ನ ಬಾಗಿಲು ತೆಗೆದು ಒಳಗೆ ಹೋದೆ. ಅವನು ಬಾಗಿಲು ಹಾಕಿಕೊಂಡ ಸದ್ದು ಅವತ್ತು ಗೋಡೆಯಾಚೆಯಿಂದ ಕೇಳಿಸಲಿಲ್ಲ. ಅವಳು ಬರಲಿಲ್ಲ.